ಕಾಣದ ಅವಲಂಬನೆಗಳ ಲೆಕ್ಕ



ಯಾವ ಔಷಧಿ ಸೇವಿಸುತ್ತಿದ್ದೀರೆಂದು ಕೇಳಿದರೆ ರೋಗಿಗಳು ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನಷ್ಟೇ ಹೆಸರಿಸುತ್ತಾರೆ. ನೆಗಡಿಯ ಸಿರಪ್ಪಿನೊಳಗೂ ಪ್ಯಾರಾಸಿಟಮಾಲ್ ಅಡಗಿರಬಹುದೆಂಬುದು ಅವರಿಗೆ ಹೊಳೆದಿರುವುದಿಲ್ಲ. ರೆಸಿಡೆನ್ಸಿಯ ದಿನಗಳಲ್ಲಿ ಆ ಸಿರಪ್ಪಿನ ಬಗ್ಗೆ ಕೇಳಲು ನಾನೂ ಒಮ್ಮೆ ಮರೆತಿದ್ದೆ. ಪ್ರಮಾಣ ಮೀರಿದಾಗ ಯಕೃತ್ತಿಗೆ ಅದು ಯಾವ ಸೀಸೆಯಿಂದ ಬಂತೆಂಬುದು ಮುಖ್ಯವಲ್ಲ.

ಗಣಕದ ತಂತ್ರಾಂಶದಲ್ಲಿಯೂ ಇಂಥದೇ ತೊಡಕುಂಟು. ಬೇರೆಯವರು ಬರೆದಿಟ್ಟ ಮಾಡ್ಯೂಲನ್ನು ನಾವೇ ಆರಿಸಿ ಬಳಸಿದರೆ ಅದು ನೇರ ಅವಲಂಬನೆ. ಆ ಮಾಡ್ಯೂಲು ತಾನು ನೆಚ್ಚಿಕೊಂಡಿರುವ ಇನ್ನೊಂದು ಮಾಡ್ಯೂಲು ನಮಗೆ ಪರೋಕ್ಷ ಅವಲಂಬನೆ.

'ಗೋ' ಎಂಬ ಭಾಷೆಯ ಚರಿತ್ರೆ ಇದಕ್ಕೆ ಉತ್ತಮ ನಿದರ್ಶನ. ರಾಬರ್ಟ್ ಗ್ರೀಸೆಮರ್, ರಾಬ್ ಪೈಕ್, ಕೆನ್ ಥಾಮ್ಸನ್ ಇವರು ಗೂಗಲ್ ಸಂಸ್ಥೆಯಲ್ಲಿ ರೂಪಿಸಿದ ಈ ಭಾಷೆ 2009ರ ನವೆಂಬರಿನಲ್ಲಿ ಲೋಕಾರ್ಪಣೆಗೊಂಡಿತು. ಆರಂಭದ ವರ್ಷಗಳಲ್ಲಿ 'ಗೋ ಗೆಟ್' ಎಂಬ ಆಜ್ಞೆ ಆಯಾ ದಿನದ ಹೊಸ ಪ್ರತಿಯನ್ನೇ ತಂದುಕೊಡುತ್ತಿತ್ತು. ಆವೃತ್ತಿಯ ಲೆಕ್ಕವಿಲ್ಲದ್ದರಿಂದ ಇಂದು ನಡೆದದ್ದು ನಾಳೆಯೂ ನಡೆದೀತೆಂಬ ಭರವಸೆಯಿರಲಿಲ್ಲ.

2018ರ ಫೆಬ್ರವರಿಯಲ್ಲಿ ರಸ್ ಕಾಕ್ಸ್ ಹೊಸ ವ್ಯವಸ್ಥೆಯೊಂದನ್ನು ಮುಂದಿಟ್ಟರು. ಅದೇ ಆಗಸ್ಟಿನ 1.11ನೆಯ ಆವೃತ್ತಿಯಲ್ಲಿ ಅದು ಪ್ರಾಯೋಗಿಕವಾಗಿ ಕಾಣಿಸಿಕೊಂಡಿತು. ಪ್ರತಿ ಮಾಡ್ಯೂಲು ತನಗೆ ಬೇಕಾದ ಕನಿಷ್ಠ ಆವೃತ್ತಿಗಳನ್ನು 'ಗೋ ಡಾಟ್ ಮಾಡ್' ಕಡತದಲ್ಲಿ ಬರೆದಿಡಬೇಕು; ಆ ಬೇಡಿಕೆಗಳಲ್ಲಿ ದೊಡ್ಡದೇ ಆಯ್ಕೆಯಾಗುತ್ತದೆ. ಒಂದಕ್ಕೆ 1.2, ಇನ್ನೊಂದಕ್ಕೆ 1.4 ಬೇಕಾದರೆ 1.4 ನಿಲ್ಲುತ್ತದೆ. 1.9 ಬಿಡುಗಡೆಯಾಗಿದ್ದರೂ ಕೇಳದೆ ಒಳಬರದು.

ಆದರೂ ಪರೋಕ್ಷ ಅವಲಂಬನೆಗಳಲ್ಲಿ ಬಹಳಷ್ಟು ಆ ಪಟ್ಟಿಯ ಹೊರಗುಳಿದಿದ್ದವು. 2021ರ ಆಗಸ್ಟಿನಲ್ಲಿ ಬಂದ 1.17ನೆಯ ಆವೃತ್ತಿ, ತಂತ್ರಾಂಶಕ್ಕೆ ಬೇಕಾದ ಪರೋಕ್ಷ ಮಾಡ್ಯೂಲುಗಳನ್ನೂ 'ಇಂಡೈರೆಕ್ಟ್' ಎಂಬ ಟಿಪ್ಪಣಿಯೊಡನೆ ಪಟ್ಟಿಗೆ ಸೇರಿಸಿತು. ದೂರದ ಕಡತಗಳನ್ನೆಲ್ಲ ಓದುವ ಶ್ರಮವನ್ನು ತಪ್ಪಿಸುವುದು ಅದರ ಉದ್ದೇಶ. ಅಡಗಿದ್ದ ಋಣ ಕಣ್ಣಿಗೆ ಬಿದ್ದದ್ದು ಅದರ ಫಲ.

ಆ ಫಲದ ಬೆಲೆ ಅದೇ ಡಿಸೆಂಬರಿನಲ್ಲಿ ತಿಳಿಯಿತು. ಜಾವಾ ಭಾಷೆಯ 'ಲಾಗ್ ಫೋರ್ ಜೆ' ಎಂಬ ಕಟ್ಟಿನಲ್ಲಿ ಘೋರ ದೋಷವೊಂದು ಬಯಲಾಯಿತು. ಅದಕ್ಕೆ ಸಿಲುಕಿದ ಪ್ಯಾಕೇಜುಗಳಲ್ಲಿ ಬಹುಪಾಲು ಅದನ್ನು ನೇರವಾಗಿ ಬಳಸಿರಲಿಲ್ಲ. ದುರಸ್ತಿಗೆ ಮೊದಲು, ಅದು ನಮ್ಮಲ್ಲಿದೆಯೆ ಎಂಬುದನ್ನೇ ಅನೇಕರು ಹುಡುಕಬೇಕಾಯಿತು.

ಪಟ್ಟಿಯೇ ಚಿಕಿತ್ಸೆಯಲ್ಲ, ಆದರೆ ಪಟ್ಟಿಯಿಲ್ಲದೆ ಚಿಕಿತ್ಸೆ ಮೊದಲಾಗದು. ನಮ್ಮ ಮಕ್ಕಳಲ್ಲಿ ಅನೇಕರು ಇಂದು ತಂತ್ರಾಂಶ ಬರೆಯುತ್ತಿದ್ದಾರೆ. ರೋಗಿಯ ಹಾಸಿಗೆಯ ಪಕ್ಕದ ಯಂತ್ರವೂ ಅಂಥ ಬರಹವನ್ನೇ ನಂಬಿ ನಡೆಯುತ್ತದೆ. ತಾವು ಆರಿಸಿದ್ದಕ್ಕಷ್ಟೇ ಅಲ್ಲ, ಅದರೊಡನೆ ಒಳಬಂದದ್ದಕ್ಕೂ ತಾವೇ ಹೊಣೆಯೆಂಬುದನ್ನು ಅವರು ಮರೆಯದಿರಲಿ.