ಗೋಡೆಯಿಂದ ಕೇರಿಗೆ: ಮನಸ್ಸಿನ ಆರೈಕೆಯ ಚರಿತ್ರೆ ಮತ್ತು ನಮ್ಮ ಮಕ್ಕಳು

ಚರಿತ್ರೆ ಬರೆದವರು ರಾಜರಿಗೆ ಬಂದ ಜ್ವರವನ್ನೂ ಬರೆದಿಟ್ಟಿದ್ದಾರೆ. ಕೇರಿಯ ಕೂಸು ನಡುರಾತ್ರಿ ಬೆಚ್ಚಿ ಕೂಗಿದ್ದನ್ನು ಯಾರೂ ಬರೆಯಲಿಲ್ಲ. ಭೂಮಿ ಅಳೆಯಲು ಸರಪಳಿ ಉಂಟು, ಕೂಲಿ ಅಳೆಯಲು ಲೆಕ್ಕ ಉಂಟು. ಅವಮಾನ ಅಳೆಯಲು ಏನುಂಟು? ಮನಸ್ಸಿನ ಕಾಯಿಲೆ ಅನ್ನೋದು ಉಂಡು ತೇಗುವವರಿಗೆ ಬರುವ ಕಾಯಿಲೆ, ಬೆವರು ಸುರಿಸಿ ದುಡಿಯೋನಿಗೆ ಅದೆಲ್ಲಿ ಬರ್ತದೆ ಅಂತ ಕೇಳುವವರು ಇದ್ದಾರೆ. ಚಳವಳಿಯ ಒಳಗೂ ಇದ್ದಾರೆ. ಮೊದಲು ಹೊಟ್ಟೆ, ಆಮೇಲೆ ಮನಸ್ಸು ಎಂಬುದು ಅವರ ವಾದ. ಈ ವಾದವನ್ನು ನಾವು ಒಪ್ಪುವುದಿಲ್ಲ. ಯಾಕೆಂದರೆ ಜಾತಿ ಮೊದಲು ಕೈ ಹಾಕುವುದೇ ಮಗುವಿನ ಮನಸ್ಸಿಗೆ.

ಇದಕ್ಕೆ ಬಾಬಾಸಾಹೇಬರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಶಾಲೆಯಲ್ಲಿ ಬೇರೆ ಕೂರಲು ಮನೆಯಿಂದಲೇ ಗೋಣಿತಟ್ಟು ಒಯ್ಯಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ಅವತ್ತು ನೀರಿಲ್ಲ. 1901ರಲ್ಲಿ ಒಂಬತ್ತು ವರ್ಷದ ಹುಡುಗನಾಗಿ ಅಪ್ಪನನ್ನು ಕಾಣಲು ಕೋರೆಗಾಂವ್‌ಗೆ ಹೊರಟಾಗ ದಾರಿಯಲ್ಲಿ ಗಾಡಿ ಹೊಡೆಯುವವನು ಮುಟ್ಟಿಸಿಕೊಳ್ಳಲು ಹಿಂಜರಿದ, ಕುಡಿಯಲು ನೀರು ಸಿಗಲಿಲ್ಲ. ಇದನ್ನೆಲ್ಲ ಅವರು ಬರೆದದ್ದು 1930ರ ದಶಕದಲ್ಲಿ. ಅಷ್ಟು ಹೊತ್ತಿಗೆ ಅಮೆರಿಕ, ಇಂಗ್ಲೆಂಡ್ ನೋಡಿ ಬಂದಿದ್ದರು, ದೊಡ್ಡ ದೊಡ್ಡ ಪದವಿಗಳಿದ್ದವು, ದೇಶವೇ ಅವರ ಮಾತು ಕೇಳುತ್ತಿತ್ತು. ಆದರೂ ಆ ಹುಡುಗನ ಬಾಯಾರಿಕೆ ಆರಿರಲಿಲ್ಲ. ಅವರು ಆ ನೋವನ್ನು ಹೋರಾಟವಾಗಿಸಿದರು. ಹಾಗೆ ಮಾಡಲಾಗದೆ ಒಳಗೊಳಗೇ ಮುದುಡಿಹೋದ ಮಕ್ಕಳ ಲೆಕ್ಕ ಎಲ್ಲಿದೆ?

ಆ ಕಾಲದ ಸರ್ಕಾರಕ್ಕೆ ಮನಸ್ಸು ಎಂದರೆ ಪೊಲೀಸ್ ವಿಷಯ. 1912ರ ಹುಚ್ಚರ ಕಾಯ್ದೆ ಮುಖ್ಯವಾಗಿ ಹೇಳಿದ್ದು ಯಾರನ್ನು ಹಿಡಿಯಬೇಕು, ಯಾವ ಮ್ಯಾಜಿಸ್ಟ್ರೇಟರ ಅಪ್ಪಣೆಯಿಂದ ಒಳಗೆ ಹಾಕಬೇಕು ಅನ್ನೋದನ್ನು. ಬೆಂಗಳೂರಿನ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರ ಮಾನಸಿಕ ಆಸ್ಪತ್ರೆ ಎಂದು ಹೆಸರು ಬದಲಿಸಿತು. ಹೆಸರು ಬದಲಾಯಿತು, ಜನರ ಬಾಯಲ್ಲಿ ಅದು ಹುಚ್ಚಾಸ್ಪತ್ರೆಯಾಗಿಯೇ ಉಳಿಯಿತು. 1954ರಲ್ಲಿ ಅದರ ಪಕ್ಕದಲ್ಲೇ ಡಾಕ್ಟರುಗಳನ್ನು ತಯಾರು ಮಾಡುವ ಅಖಿಲ ಭಾರತ ಸಂಸ್ಥೆ ಬಂತು. 1974ರ ಡಿಸೆಂಬರ್ 27ರಂದು ಎರಡನ್ನೂ ಸೇರಿಸಿ ಮಾಡಿದ್ದೇ ನಿಮ್ಹಾನ್ಸ್. ಒಳ್ಳೆಯ ವಿದ್ಯೆ ಅಲ್ಲಿ ಬೆಳೆಯಿತು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯ ಕೂಲಿಯವಳು ಕಾಯಿಲೆಯ ಮಗನನ್ನು ಅಲ್ಲಿಗೆ ಒಯ್ಯಬೇಕಾದರೆ ಬಸ್ ಚಾರ್ಜು ಬೇಕು, ಎರಡು ದಿನದ ಕೂಲಿ ಬಿಡಬೇಕು, ಉಳಿದ ಮಕ್ಕಳನ್ನು ಯಾರದೋ ಮಡಿಲಿಗೆ ಹಾಕಬೇಕು. ಗೋಡೆಯ ಒಳಗಿನ ವಿದ್ಯೆ ಗೋಡೆಯ ಒಳಗೇ ಉಳಿಯುವುದು ಹೀಗೆ.

ಈ ಗೋಡೆಯಲ್ಲಿ ಮೊದಲ ಬಿರುಕು ಬಿಟ್ಟದ್ದು ಅಮೃತಸರದಲ್ಲಿ. 1950ರ ದಶಕದಲ್ಲಿ ಅಲ್ಲಿನ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ಆವರಣದಲ್ಲೇ ಡೇರೆ ಹಾಕಿಸಿ ರೋಗಿಯ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಅಲ್ಲೇ ಇದ್ದು ಕಾಯಿಲೆಯನ್ನು ಅರಿತರು, ಆರೈಕೆ ಕಲಿತರು, ಗುಣವಾದವನನ್ನು ಜೊತೆಗೇ ಕರಕೊಂಡು ಊರಿಗೆ ಹೋದರು. ರೋಗಿಯನ್ನು ಒಳಗೆ ತಳ್ಳಿ ಮರೆತುಬಿಡುವ ಪದ್ಧತಿಗೆ ಇದು ತಕ್ಕ ಉತ್ತರವಾಗಿತ್ತು. ನಮ್ಮ ಅವ್ವಂದಿರು ತಲೆತಲಾಂತರದಿಂದ ಮಾಡಿಕೊಂಡು ಬಂದದ್ದಕ್ಕೆ ವಿದ್ಯೆಯ ಬೆಂಬಲ ಸಿಕ್ಕಿದ್ದು ಆಗ.

ಎರಡನೆಯ ಬಿರುಕು ನಮ್ಮಲ್ಲೇ. 1975ರಲ್ಲಿ ನಿಮ್ಹಾನ್ಸ್ ಸಮುದಾಯದ ನಡುವೆ ಕೆಲಸ ಮಾಡುವ ವಿಭಾಗವನ್ನು ತೆರೆಯಿತು. ಬನ್ನೇರುಘಟ್ಟ ರಸ್ತೆಯ ಸಕಲವಾರ ಎಂಬ ಹಳ್ಳಿ ಅದರ ಪಾಠಶಾಲೆಯಾಯಿತು. ಅದೇ ಸುಮಾರಿಗೆ ಚಂಡೀಗಢದ ಡಾಕ್ಟರುಗಳು ಹರಿಯಾಣದ ರಾಯ್‌ಪುರ ರಾಣಿಯಲ್ಲಿ ಇಂಥದ್ದೇ ಕೆಲಸ ನಡೆಸಿದರು. ಲೆಕ್ಕ ಸರಳ: ಮನೋವೈದ್ಯರು ಬೆರಳೆಣಿಕೆಯಷ್ಟು, ಹಳ್ಳಿಗಳು ಲಕ್ಷಗಟ್ಟಲೆ. ಹಾಗಾದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ, ಮನೆಮನೆ ತಿರುಗುವ ಕಾರ್ಯಕರ್ತರಿಗೇ ಯಾಕೆ ಕಲಿಸಬಾರದು? ಕಲಿಸಿದರು. ಅವರು ಕಲಿತರು. ಔಷಧಿ ಊರ ಹತ್ತಿರ ಬಂದರೆ ಜನರೂ ಬರ್ತಾರೆ, ದೆವ್ವ ಬಿಡಿಸುವವನ ಹಿಂದೆ ಮಾತ್ರ ಹೋಗೋದಿಲ್ಲ ಅನ್ನೋದು ಗೊತ್ತಾಯಿತು.

1982ರಲ್ಲಿ ದೇಶಕ್ಕೆ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಕಾಗದದ ಮೇಲಿದ್ದ ಅದನ್ನು ಒಂದು ಇಡೀ ಜಿಲ್ಲೆಯಲ್ಲಿ ಮಾಡಿ ನೋಡಿದ್ದು ಬಳ್ಳಾರಿಯಲ್ಲಿ, 1985ರಿಂದ 1990ರವರೆಗೆ. ಬಿಸಿಲಿನ, ಬರದ, ಕೂಲಿಯವರ ಬಳ್ಳಾರಿಯಲ್ಲಿ! ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ, ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಬೇಕೇಬೇಕಾದ ಕೆಲವೇ ಔಷಧಿಗಳನ್ನು ಕೇಂದ್ರಗಳಿಗೆ ಮುಟ್ಟಿಸಿದರು. ಸುಲಭವಾಗಿ ತುಂಬಬಹುದಾದ ದಾಖಲೆ ಮಾಡಿದರು. ಕೆಲಸ ಎಲ್ಲಿಗೆ ಬಂತು ಅಂತ ಜಿಲ್ಲಾ ಮಟ್ಟದಲ್ಲಿ ಪರಿಶೀಲಿಸಿದರು. ಮಂತ್ರವೂ ಇಲ್ಲ, ಮಾಯವೂ ಇಲ್ಲ. 1996ರಲ್ಲಿ ಕೇಂದ್ರ ಸರ್ಕಾರ ನಾಲ್ಕು ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿದಾಗ, ಮುಂದೆ ಅದು ದೇಶದ ಉದ್ದಗಲಕ್ಕೂ ಹಬ್ಬಿದಾಗ, ಎದುರಿಗಿದ್ದ ಮಾದರಿ ಬಳ್ಳಾರಿಯದೇ.

ಬಳ್ಳಾರಿಯ ಕೆಲಸದಿಂದ ಮಕ್ಕಳಿಗೆ ಏನು ದಕ್ಕಿತು? ಮೂರ್ಛೆ ಬರುವ ಮಗುವಿಗೆ ದಕ್ಕಿತು. ಕೈಗೆ ಕಬ್ಬಿಣದ ಬೀಗದಕೈ ಹಿಡಿಸಿ ಕೂರುತ್ತಿದ್ದ ಮನೆಗೆ ಅಗ್ಗದ ಮಾತ್ರೆ ಬಂತು. ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವನ್ನು ಗುರುತಿಸುವುದೂ ಆಯಿತು. ಆದರೆ ಕಾಯಿಲೆ ಎಂಬ ಹೆಸರಿಲ್ಲದ ನೋವು ಆ ದಾಖಲೆಯ ಅಂಕಣಗಳಲ್ಲಿ ಹಿಡಿಸುವಂಥದ್ದಾಗಿರಲಿಲ್ಲ. ಅದೇ ಬಳ್ಳಾರಿ ಸೀಮೆಯಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮುತ್ತು ಕಟ್ಟಿ ದೇವದಾಸಿ ಮಾಡುತ್ತಿದ್ದರು. ತಡೆಯುವ ರಾಜ್ಯದ ಕಾಯ್ದೆಯೂ 1982ರದ್ದೇ. ಆ ತಾಯಿಯ ಮಗ ಶಾಲೆಗೆ ಹೋದರೆ ಮೊದಲ ಪ್ರಶ್ನೆ, ನಿಮ್ಮಪ್ಪನ ಹೆಸರೇನೋ? ಈ ಪ್ರಶ್ನೆಗೆ ಯಾವ ಮಾತ್ರೆ ಕೊಡಬೇಕು?

ಇಲ್ಲೊಂದು ವಿಷಯ ನೋಡಬೇಕು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾಯಿತು. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂಗನವಾಡಿ ಹುಟ್ಟಿದ್ದೂ ಸಕಲವಾರದ ಕೆಲಸ ಹುಟ್ಟಿದ್ದೂ ಹೆಚ್ಚುಕಮ್ಮಿ ಒಂದೇ ಕಾಲ. ಆದರೆ ಎರಡೂ ದಾರಿ ಕೂಡಲಿಲ್ಲ. ಅಂಗನವಾಡಿಯವರು ಮಗುವನ್ನು ತೂಗಿದರು, ಆರೋಗ್ಯ ಇಲಾಖೆಯವರು ಕಾಯಿಲೆ ಹುಡುಕಿದರು. ಶಾಲೆ ಶಿಕ್ಷಣ ಇಲಾಖೆಗೆ, ಹಾಸ್ಟೆಲು ಸಮಾಜ ಕಲ್ಯಾಣಕ್ಕೆ. ಮಗು ಒಂದೇ, ಇಲಾಖೆ ನಾಲ್ಕು. ಮಗುವಿನ ಮನಸ್ಸು ಮಾತ್ರ ಯಾರ ಪುಸ್ತಕದಲ್ಲೂ ಇಲ್ಲ. ಹಾಸ್ಟೆಲಿನಲ್ಲಿ ಹುಡುಗ ಮಾತು ಬಿಟ್ಟರೆ ವಾರ್ಡನ್ ಸೋಮಾರಿ ಅಂದಾನು, ಮೇಷ್ಟ್ರು ದಡ್ಡ ಅಂದಾರು. ಇಬ್ಬರೂ ಒಂದು ಕಡೆ ಕೂತು ಇವನಿಗೆ ಏನಾಗೈತೆ ಅಂತ ಕೇಳುವ ಏರ್ಪಾಡೇ ಇಲ್ಲ.

ದೌರ್ಜನ್ಯದ ಹೊತ್ತಿನಲ್ಲಿ ಈ ಕೊರತೆ ಇನ್ನೂ ಕ್ರೂರವಾಗಿ ಕಾಣುತ್ತದೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಮನೆಯೊಳಗೆ ಸುಟ್ಟರು. ಆರೋಪಿಗಳೆಲ್ಲ ಖುಲಾಸೆಯಾದರು. ಇಂಥ ಊರಿನಲ್ಲಿ ಬೆಳೆಯುವ ಮಗು ಬೆಂಕಿಪೊಟ್ಟಣ ಗೀರಿದ ಸದ್ದಿಗೂ ಬೆಚ್ಚದೆ ಇದ್ದೀತೇ? ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು ಪರಿಹಾರದ ಪಟ್ಟಿ ಕೊಡುತ್ತವೆ: ಇಷ್ಟು ಹಣ, ಮೂರು ತಿಂಗಳ ಮಟ್ಟಿಗೆ ಪಾತ್ರೆ, ಅಕ್ಕಿ, ಗೋಧಿ, ಬೇಳೆ, ಮಕ್ಕಳ ಓದಿನ ಖರ್ಚು. ಇದೆಲ್ಲ ಹೋರಾಡಿ ಪಡೆದದ್ದು, ಒಂದು ಕಾಳೂ ಬಿಡಬಾರದು. ಆದರೆ ನಿದ್ದೆ ಹೋದ ಮಗುವಿನ ಹೆಸರಲ್ಲಿ ಆ ಪಟ್ಟಿಯಲ್ಲಿ ಒಂದು ಸಾಲಿಲ್ಲ.

ಆರೈಕೆ ಕೇರಿಗೆ ಬಾರದಿದ್ದರೆ ಬಡವರು ಎಲ್ಲಿಗೆ ಹೋಗುತ್ತಾರೆ ಎಂಬುದನ್ನು ತಮಿಳುನಾಡಿನ ಏರ್ವಾಡಿ ತೋರಿಸಿತು. 2001ರ ಆಗಸ್ಟ್ 6ರಂದು ಅಲ್ಲಿ ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಬೆಂಕಿಯಲ್ಲಿ ಬೆಂದುಹೋದರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯನ್ನು ನಿಷೇಧಿಸಿ, ಸರ್ಕಾರದಿಂದ ಚಿಕಿತ್ಸೆ ಪಡೆಯುವುದು ಹಕ್ಕು ಎಂದಿತು. ಹಕ್ಕು ಅಂದ ಮೇಲೆ ಕೈಮುಗಿದು ಕೇಳಬೇಕಾದ್ದಿಲ್ಲ.

ಅಷ್ಟಿಷ್ಟು ಕೆಲಸ ಆಗಿದೆ. 2014ರಿಂದ ನಿಮ್ಹಾನ್ಸಿನ ಮಕ್ಕಳ ವಿಭಾಗದವರು ರಾಜ್ಯದ ಮಹಿಳಾ ಮತ್ತು ಮಕ್ಕಳ ಇಲಾಖೆಯ ಜೊತೆ ಸೇರಿ ಅಂಗನವಾಡಿ, ಶಾಲೆ, ಮಕ್ಕಳ ನಿಲಯಗಳಿಗೆ ತಾವೇ ಹೋದರು. ದೂರವಾಗಿದ್ದ ದಾರಿಗಳು ಕೂಡಬಲ್ಲವು ಎಂಬುದಕ್ಕೆ ಇದೇ ಪುರಾವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಫೋನು ಮಾಡಿದರೆ ದುಡ್ಡಿಲ್ಲದೆ ಮಾತಾಡಬಹುದು. ಆದರೆ 2015-16ರ ರಾಷ್ಟ್ರೀಯ ಸಮೀಕ್ಷೆ ಹೇಳಿದ್ದೇನು? 13ರಿಂದ 17 ವರ್ಷದ ಮಕ್ಕಳಲ್ಲಿ ನೂರಕ್ಕೆ 7.3 ಮಂದಿಗೆ ಮನಸ್ಸಿನ ತೊಂದರೆ ಇದೆ; ಇಂಥ ಬಹುಪಾಲು ಕಾಯಿಲೆಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಕ್ಕಿಲ್ಲ.

ಈ ಕಂದಕ ತುಂಬುವ ಹೊರೆಯೆಲ್ಲ ಕಡೆಗೆ ಬಂದು ಬೀಳುವುದು ಅಂಗನವಾಡಿಯಾಕೆಯ, ಆಶಾ ಕಾರ್ಯಕರ್ತೆಯ ತಲೆ ಮೇಲೆ. ಅವಳು ನಮ್ಮವಳೇ, ಕೂಲಿ ಮನೆಯ ಮಗಳು, ಸೊಸೆ. ಅವಳಿಗೆ ಕೊಡೋದು ಸಂಬಳವಲ್ಲ, ಗೌರವಧನ! 2017ರ ಮಾರ್ಚ್‌ನಲ್ಲಿ ಅಂಗನವಾಡಿಯವರು ಬೆಂಗಳೂರಿನ ಬೀದಿಯಲ್ಲಿ ಹಗಲೂ ರಾತ್ರಿ ಕೂತರು. ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದು ಸುಪ್ರೀಂ ಕೋರ್ಟು ಹೇಳಲು 2022 ಬರಬೇಕಾಯಿತು. ಎದೆ ಭಾರ ಹೊತ್ತವಳಿಗೆ ಇನ್ನೊಬ್ಬರ ಮಗುವಿನ ಎದೆ ಭಾರ ಇಳಿಸು ಅನ್ನೋದು ಯಾವ ನ್ಯಾಯ?

ಆದ್ದರಿಂದ ಗೆಳೆಯರೇ, ಚರಿತ್ರೆಯಿಂದ ನಾವು ಕಲಿಯುವುದು ಇಷ್ಟು. ಅಮೃತಸರ ಮನೆಯವರನ್ನು ಜೊತೆಗೆ ಕೂರಿಸಿತು. ಸಕಲವಾರ ಹಳ್ಳಿಗೆ ಬಂತು. ಬಳ್ಳಾರಿ ಒಂದು ಜಿಲ್ಲೆಯ ಕೈಗಳನ್ನು ಒಂದು ಮಾಡಿತು. ಮಕ್ಕಳಿಗಾಗಿ ಈ ಮೂರನ್ನೂ ಒಟ್ಟಿಗೆ ಮಾಡಬೇಕು. ತಾಲ್ಲೂಕಿನಲ್ಲಿ ತಿಂಗಳಿಗೊಮ್ಮೆ ಡಾಕ್ಟರು, ಮೇಷ್ಟ್ರು, ಹಾಸ್ಟೆಲಿನ ವಾರ್ಡನ್, ಅಂಗನವಾಡಿಯಾಕೆ ಒಂದೇ ಜಮಖಾನದ ಮೇಲೆ ಕೂರಲಿ. ಅವರ ನಡುವೆ ಕೇರಿಯ ಇಬ್ಬರು ಅವ್ವಂದಿರೂ ಕೂರಲಿ. ದೌರ್ಜನ್ಯ ನಡೆದ ಊರಿಗೆ ತಹಸೀಲ್ದಾರರ ಜೊತೆ ಮನಸ್ಸಿನ ಡಾಕ್ಟರೂ ಬರಲಿ, ಒಂದು ದಿನಕ್ಕಲ್ಲ, ಮಕ್ಕಳು ನಿದ್ದೆ ಮಾಡುವವರೆಗೆ. ದುಡಿಯುವವಳಿಗೆ ಸಂಬಳ ಕೊಡಲಿ.

ಒಂದು ಮಾತು ಮಾತ್ರ ಮರೆಯಬಾರದು. ಗೋಣಿತಟ್ಟಿನ ಮೇಲೆ ಕೂತ ಮಗುವಿಗೆ ಧೈರ್ಯ ಹೇಳುವುದು ಆರೈಕೆಯ ಅರ್ಧ. ಆ ಗೋಣಿತಟ್ಟನ್ನು ಕಿತ್ತೆಸೆಯುವುದು ಇನ್ನರ್ಧ. ಮೊದಲ ಅರ್ಧವನ್ನು ಸರ್ಕಾರದಿಂದ ಕೇಳಿ ಪಡೆಯೋಣ. ಎರಡನೆಯದನ್ನು ನಾವೇ ಮಾಡಬೇಕು.