ಹನಿಮೂನ್ ಪ್ಯಾಕೇಜು ಎಲ್ಲಿಂದ ಬಂತು?

ಮದವಿ ಸೀಜನ್ ಬಂತಂದ್ರ ಈಗ ಮನಿಮನಿಯೊಳಗ ಒಂದು ಹೊಸಾ ಕಾಗದ ಓಡಾಡ್ತದ. ಲಗ್ನಪತ್ರಿಕಿ ಅಲ್ರೀ, ಟೂರಿನವರು ಕೊಟ್ಟ ಪಟ್ಟಿ. ಏಳು ರಾತ್ರಿ ಎಂಟು ದಿನ, ಏರ್‌ಪೋರ್ಟಿನಿಂದ ಕಾರು, ದಿನಾ ಮುಂಜಾನೆ ನಾಷ್ಟಾ, ಗೈಡ್ ಜೋಡಿ ಊರು ತಿರಗೋದು, ಕಡೀ ದಿನ ಮೇಣಬತ್ತಿ ಹಚ್ಚಿದ ಟೇಬಲ್ಲಿನಾಗ ಇಬ್ಬರಿಗೇ ಊಟ. ನಮ್ಮ ಅಕ್ಕನ ಮಗಳದೂ ಈ ವರ್ಷ ಬಂದದ. ವೆನಿಸ್, ಸ್ವಿಟ್ಜರ್ಲ್ಯಾಂಡ್, ಪ್ಯಾರಿಸ್. ಇದನ್ನೆಲ್ಲಾ ಮೊದಲ ಶುರು ಮಾಡಿದವರು ಯಾರು ಅಂತ ಹುಡುಕ್ಕೋತ ಹೋದ್ರ ಸಿಕ್ಕಿದ್ದು ಭಾಳ ಮಜಾ ಅದ.

ಮೊದಲ ಶಬ್ದದ ಸುದ್ದಿ. ಹನಿಮೂನ್ ಅನ್ನೋದು 1546ರಾಗ ಜಾನ್ ಹೇವುಡ್ ಅನ್ನಾಂವನ ಇಂಗ್ಲಿಷ್ ಗಾದಿಮಾತಿನ ಪುಸ್ತಕದಾಗ ಸಿಗ್ತದ. ಆಗ ಅದಕ್ಕೂ ಪ್ರವಾಸಕ್ಕೂ ಏನೂ ಸಂಬಂಧ ಇರಲಿಲ್ಲ. ಹೊಸಾ ಗಂಡ ಹೆಂಡತಿ ಪ್ರೀತಿ ಮೊದಲ ಜೇನಿನಂಗ ಇರ್ತದ, ಆಮ್ಯಾಲೆ ಹುಣ್ಣಿವಿ ಚಂದ್ರನಂಗ ಕರಗ್ಕೋತ ಹೋಗ್ತದ, ಅನ್ನೋ ಚಾಷ್ಟಿ ಮಾತದು. 1552ರ ರಿಚರ್ಡ್ ಹುಲೋಯೆಟ್‌ನ ಶಬ್ದಕೋಶ ಹಂಗ ಬಿಡಿಸಿ ಹೇಳ್ತದ. ನಾವು ಕನ್ನಡದಾಗ ಮಧುಚಂದ್ರ ಅಂತ ಮಾಡ್ಕೊಂಡಾಗ ಜೇನನ್ನೂ ತಗೊಂಡ್ವಿ, ಚಂದ್ರನ್ನೂ ತಗೊಂಡ್ವಿ, ಕರಗೋದನ್ನ ಮಾತ್ರ ಅಲ್ಲೇ ಬಿಟ್ವಿ!

ಪ್ರವಾಸ ಕೂಡಿದ್ದು ಭಾಳ ತಡಾ ಮಾಡಿ. 19ನೇ ಶತಮಾನದ ಶುರುವಿನಾಗ ಇಂಗ್ಲೆಂಡಿನ ಉಳ್ಳವರ ಮನ್ಯಾಗ ‘ಮದಿಮಕ್ಕಳ ಪ್ರವಾಸ’ ಅಂತ ಇತ್ತು. ಮದವಿಗೆ ಬರಲಿಕ್ಕಾಗದ ಬಂಧು-ಬಳಗದವರ ಊರಿಗೆ ಹೊಸಾ ಜೋಡಿನೇ ಹೋಗಿ ಮಾರಿ ತೋರಿಸಿ ಬರೋದು. ಎಷ್ಟೋ ಸಲ ಮದುಮಗಳ ತಂಗಿ ಇಲ್ಲಾ ಗೆಳತಿ ಜೋಡಿಗೇ ಹೋಗ್ತಿದ್ಲು. ಇದನ್ನ ಓದಿ ನನಗ ನಗು ಬಂತು, ಯಾಕಂದ್ರ ನಮ್ಮಲ್ಲೂ ಹೊಸಾ ಜೋಡಿದ ಮೊದಲನೇ ಪ್ರವಾಸ ಮನಿದೇವರಿಗೇ ಅಲ್ಲೇನ್ರೀ? ಸವದತ್ತಿಗೋ, ಬನಶಂಕರಿಗೋ, ಒಂದು ಟೆಂಪೋದಾಗ ಅತ್ತಿ, ಮಾವ, ನಾದಿನಿ, ಬುತ್ತಿ ಗಂಟು ಎಲ್ಲಾ ಕೂಡೇ. 1815ರಾಗ ನೆಪೋಲಿಯನ್ನನ ಯುದ್ಧ ಮುಗಿದು ದಾರಿ ಸಾಫ್ ಆದಮ್ಯಾಲೆ ರೊಕ್ಕ ಇದ್ದ ಇಂಗ್ಲಿಷ್ ಜೋಡಿಗಳು ಪ್ಯಾರಿಸ್ಸು, ಇಟಲಿ ಕಡೆ ಹೊಂಟವು. ಬರಬರತಾ ತಂಗಿ, ಗೆಳತಿ ಹಿಂದ ಉಳಿದ್ರು, ಇಬ್ಬರೇ ಆದ್ರು.

ಇಬ್ಬರೇ ಆದಾಗ ತ್ರಾಸು ಸುರು. ಊರೂರಿಗೆ ಬ್ಯಾರೆ ಭಾಷಾ, ಬ್ಯಾರೆ ನಾಣ್ಯ, ಹಮಾಲರ ಜೋಡಿ ಚೌಕಾಶಿ, ಹೋಟೆಲ್ಲಿನ ಬಿಲ್ಲಿನಾಗ ಕಂಡಿರದ ಹೆಸರು. ಇಲ್ಲೇ ಥಾಮಸ್ ಕುಕ್ ಬರ್ತಾನ. ಬಡಗಿತನ ಕಲ್ತಾಂವ, ಸೆರೆ ಬಿಡ್ರಿ ಅಂತ ಸಾರ್ಕೋತ ತಿರಗಾಂವ. 1841ರ ಜುಲೈ 5ಕ್ಕ ಲೆಸ್ಟರಿನಿಂದ ಲಫ್‌ಬರೋಕ್ಕ ಸುಮಾರು 500 ಮಂದೀನ ಒಂದೊಂದು ಶಿಲ್ಲಿಂಗಿಗೆ ರೈಲಿನಾಗ ಕರಕೊಂಡು ಹೋದ. ಹೋಗಿದ್ದು ಕುಡಿತದ ವಿರುದ್ಧದ ಸಭಾಕ್ಕ. ಇವತ್ತಿನ ಹನಿಮೂನ್ ಪಟ್ಟಿಯೊಳಗ ‘ಒಂದು ಬಾಟಲಿ ವೈನು ಉಚಿತ’ ಅಂತ ಇರೋದನ್ನ ನೋಡಿದ್ರ ಅವನ ಆತ್ಮಕ್ಕ ಏನನ್ನಸ್ತಿತ್ತೋ! 1863ರಾಗ ಅಂವ ಮಂದೀನ ಸ್ವಿಟ್ಜರ್ಲ್ಯಾಂಡಿಗೆ ಕರಕೊಂಡು ಹೋದ. ಆ ಗುಂಪಿನಾಗ ಜೆಮಿಮಾ ಮೊರೆಲ್ ಅನ್ನೋ ಮದವಿ ಆಗದ ಹೆಣ್ಣುಮಗಳಿದ್ಲು, ಆಕಿ ಬರದಿಟ್ಟ ದಿನಚರಿ ಉಳದದ. ನಸುಕಿನಾಗ ಎದ್ದು, ಉದ್ದನ ಲಂಗಾ ಉಟ್ಟು ಬೆಟ್ಟ ಹತ್ತಿದಾಕಿ. ಅಪ್ಪ, ಅಣ್ಣ ಇಲ್ಲದ ಹೆಣ್ಣುಮಕ್ಕಳು ಪರದೇಶ ನೋಡಲಿಕ್ಕೆ ಮರ್ಯಾದಿ ದಾರಿ ಅಂದ್ರ ಈ ಗುಂಪಿನ ಪ್ರವಾಸನೇ ಆಗಿತ್ತು. ಗೈಡನ್ನ ನೋಡಿ ನಗೋರು ಇದನ್ನ ನೆನಪಿಟ್ಟಿರಬೇಕು.

ಆದ್ರ ಹನಿಮೂನಿಗೆ ಖರೇ ಕೆಲಸಕ್ಕ ಬಂದದ್ದು ಕುಕ್‌ನ ಗುಂಪಲ್ಲ, ಅವನ ಕೂಪನ್. 1868ರ ಹೊತ್ತಿಗೆ ಹೋಟೆಲ್ ಕೂಪನ್ ಬಂದ್ವು. ರೊಕ್ಕ ಮೊದಲೇ ಮನ್ಯಾಗ ಕೊಟ್ಟು ಚೀಟಿ ತಗೊಳ್ಳೋದು, ಅಲ್ಲಿ ಚೀಟಿ ಕೊಟ್ಟ್ರ ಖೋಲಿ, ಊಟ. 1874ರಾಗ ಟ್ರಾವೆಲರ್ಸ್ ಚೆಕ್ಕಿನಂಥಾ ಚೀಟೀನೂ ಬಂತು. ಅಂದ್ರ ಗುಂಪು ಬ್ಯಾಡ, ಗೈಡ್ ಬ್ಯಾಡ, ಆದ್ರೂ ಎಲ್ಲಾ ಮೊದಲೇ ನಿಕ್ಕಿ. ಇವತ್ತು ನಮ್ಮ ಕೈಗೆ ಬರೋ ವೌಚರ್ ಇದರ ಮೊಮ್ಮಗಾನೇ.

ಚೀಟಿ ಎಲ್ಲಾ ತ್ರಾಸು ತಗೀತು, ಒಂದನ್ನ ಬಿಟ್ಟು. ಜಾರ್ಜ್ ಎಲಿಯಟ್ ಅನ್ನೋ ಗಂಡು ಹೆಸರಿನಾಗ ಬರೀತಿದ್ದ ದೊಡ್ಡ ಕಾದಂಬರಿಕಾರ್ತಿ 1880ರ ಮೇ ತಿಂಗಳಾಗ ಜಾನ್ ಕ್ರಾಸ್ ಅನ್ನಾಂವನ ಮದವಿ ಆದ್ಲು. ಆಕಿಗೆ 60, ಅವಗ 40. ಹನಿಮೂನಿಗೆ ವೆನಿಸ್ಸಿಗೆ ಹೋದ್ರು. ಜೂನಿನಾಗ ಒಂದು ದಿನ ಕ್ರಾಸ್ ಹೋಟೆಲ್ಲಿನ ಖೋಲಿಯಿಂದ ಕೆಳಗಿನ ಗ್ರ್ಯಾಂಡ್ ಕೆನಾಲಿಗೆ ಹಾರಿದ. ದೋಣಿಯವರು ಎತ್ತಿ ಉಳಿಸಿದ್ರು. ಯಾಕ ಹಾರಿದ ಅಂತ ಮಂದಿ ಇವತ್ತಿಗೂ ಬರೀತಾರ, ಅವನ ಮನಸ್ಸಿನ ಆರೋಗ್ಯದ ಸುದ್ದಿ ಅದು, ನಾವು ನಗೋದಲ್ಲ. ಆ ಪರದೇಶದ ಖೋಲಿಯೊಳಗ ಆಕಿ ಒಬ್ಬಾಕಿನೇ ಹೆಂಗ ನಿಭಾಯಿಸಿದ್ಲೋ ಅನ್ನೋದೇ ನನಗ ಕಾಡ್ತದ. ಅದಕ್ಕ ಮೊದಲ, 1871-72ರಾಗ ಬಂದ ತನ್ನ ಮಿಡಲ್‌ಮಾರ್ಚ್ ಕಾದಂಬರಿಯೊಳಗ, ರೋಮ್‌ಗೆ ಹನಿಮೂನಿಗೆ ಹೋದ ಹುಡುಗಿ ಕೂತು ಅಳೋದನ್ನ ಆಕಿನೇ ಬರದಿದ್ಲು. ಗಂಡ ಗ್ರಂಥಾಲಯದಾಗ, ಈಕಿ ಗೊತ್ತಿರದ ಊರಾಗ.

ಅದಕ್ಕ ನಾ ನಮ್ಮ ಹುಡುಗಿಗೆ ಎರಡೇ ಮಾತು ಹೇಳೀನಿ. ಪಾಸ್‌ಪೋರ್ಟ್ ಮತ್ತ ಸ್ವಲ್ಪ ರೊಕ್ಕ ನಿನ್ನ ಚೀಲದಾಗೇ ಇರಲಿ. ಎಂಟು ದಿನದಾಗ ಒಂದು ದಿನ ಗೈಡೂ ಇಲ್ಲದ, ನೋಡೋದೂ ಇಲ್ಲದ ಖಾಲಿ ದಿನ ಇಟ್ಕೋರಿ. ನಿಶ್ಚಯ ಆದ ಮೂರು ತಿಂಗಳಿಗೆ ಮದವಿ ಆದವರಿಗೆ ಐಫೆಲ್ ಟವರ್‌ಗಿಂತಾ ಆ ದಿನಾನೇ ಹೆಚ್ಚು ಬೇಕು.

ಇನ್ನ ಮೇಣಬತ್ತಿ ಊಟ. ಲಂಡನ್ನಿನ ಸವಾಯ್ ಹೋಟೆಲ್ 1889ರಾಗ ತೆರೀತು, ತುಂಬಾ ವಿದ್ಯುತ್ ದೀಪ. ಅಲ್ಲಿಗೆ ಬಂದ ಸೀಸರ್ ರಿಟ್ಝ್ ಮರ್ಯಾದಸ್ಥ ಹೆಣ್ಣುಮಕ್ಕಳು ಗಂಡನ ಜೋಡಿ ಹೊರಗ ಊಟಕ್ಕ ಬರೋಹಂಗ ಮಾಡಿದವರೊಳಗ ಒಬ್ಬ. 1898ರಾಗ ಪ್ಯಾರಿಸ್ಸಿನಾಗ ತಂದೇ ಹೋಟೆಲ್ ತೆರೆಯೋ ಮುಂದ ಹೆಂಡತೀನ ಕೂಡಿಸಿ, ಯಾವ ಬಣ್ಣದ ದೀಪದಾಗ ಹೆಂಗಸರ ಮಾರಿ ಚಂದ ಕಾಣ್ತದ ಅಂತ ಪರೀಕ್ಷಾ ಮಾಡಿದ ಅಂತ ಕತಿ ಅದ. ಎಲ್ಲಾ ಕಡೆ ಕರೆಂಟ್ ಬಂದಮ್ಯಾಲೇನೇ ಮೇಣಬತ್ತಿಗೆ ಬೆಲೆ ಬಂತು ನೋಡ್ರಿ. ನಮ್ಮಜ್ಜಿ ನಲವತ್ತು ವರ್ಷ ಕಂದೀಲಿನ ಬೆಳಕಿನಾಗೇ ಅಜ್ಜಗ ರೊಟ್ಟಿ ಬಡಿಸಿದ್ಲು, ಯಾರೂ ಅದಕ್ಕ ರೊಮ್ಯಾಂಟಿಕ್ ಅನ್ನಲಿಲ್ಲ.

ನಮ್ಮ ದೇಶದವರಿಗೆ ಈ ಚಿತ್ರ ತೋರಿಸಿದ್ದು ಸಿನೇಮಾ. 1964ರ ‘ಸಂಗಮ್’ನಾಗ ರಾಜ್ ಕಪೂರ್, ವೈಜಯಂತಿಮಾಲಾ ಯುರೋಪಿಗೆ ಹನಿಮೂನಿಗೆ ಹೋಗ್ತಾರ. ನೋಡಿದ ಮಂದಿಗೆ ಅದು ಕನಸೇ, ಯಾಕಂದ್ರ ಆ ಕಾಲಕ್ಕ ದೇಶದಿಂದ ಹೊರಗ ಹೋಗಾವ ಕೈಯಾಗ ಎಂಟೋ ಹತ್ತೋ ಡಾಲರ್ ಒಯ್ಯೋದೇ ಹೆಚ್ಚು. ಪಾಸ್‌ಪೋರ್ಟ್ ಸಿಗೋದೂ ಸರ್ಕಾರದ ಮರ್ಜಿ ಆಗಿತ್ತು, 1967ರ ಸುಪ್ರೀಂ ಕೋರ್ಟ್ ತೀರ್ಪು, ಆ ವರ್ಷದ್ದೇ ಪಾಸ್‌ಪೋರ್ಟ್ ಕಾಯ್ದೆ ಬಂದಮ್ಯಾಲೆ ಅದು ಬದಲಾತು. 2004ರಾಗ ರಿಸರ್ವ್ ಬ್ಯಾಂಕು ಒಬ್ಬೊಬ್ಬರು ವರ್ಷಕ್ಕ 25,000 ಡಾಲರ್ ಹೊರಗ ಕಳಸಬಹುದು ಅಂತು, ಈಗ ಅದು 2,50,000 ಆಗೇದ. ಜೆಮಿಮಾ ಮೊರೆಲ್ ದಣಕೊಂಡು ಹಾದು ಹೋದ ಇಂಟರ್‌ಲಾಕನ್ ಊರಾಗ 2016ರಿಂದ ಯಶ್ ಚೋಪ್ರಾನ ಕಂಚಿನ ಮೂರ್ತಿ ನಿಂತದ, ನಮ್ಮ ಹೊಸಾ ಜೋಡಿಗಳು ಅದರ ಮಗ್ಗಲದಾಗ ನಿಂತು ಫೋಟೋ ತಗಸ್ಕೋತಾವ.