ಬಡವರ ಖಜಾನೆ: ಮಹಮೂದ್ ಗವಾನನ ದಾನದ ಲೆಕ್ಕ

ಕನ್ನಡ ನಾಡಿನ ದಾನದ ಇತಿಹಾಸವನ್ನು ನಾವು ಹೆಚ್ಚಾಗಿ ಶಾಸನಗಳಿಂದ ಓದುತ್ತೇವೆ. ಶಾಸನವೆಂದರೆ ಕೊಟ್ಟವರ ಪರವಾಗಿ ಕೆತ್ತಿಸಿದ ಮಾತು: ದಾನಿಯ ಹೆಸರು, ಭೂಮಿಯ ಎಲ್ಲೆ, ಕೊನೆಗೆ ಅಳಿಪಿದವರಿಗೆ ಶಾಪ. ಬೀದರಿನ ಬಹಮನಿ ಪ್ರಧಾನಿ ಮಹಮೂದ್ ಗವಾನನ ದಾನದ ವಿವರವಾದರೋ ಅವನ ಮರಣದಂಡನೆಯ ಬಳಿಕ ನಡೆದ ವಿಚಾರಣೆಯಿಂದ ನಮಗೆ ದೊರೆತಿದೆ.

ಇಸ್ಲಾಮಿನಲ್ಲಿ ಜಕಾತ್ ಕಡ್ಡಾಯವಾದುದು. ನಿಗದಿತ ಮಿತಿಯನ್ನು ಮುಟ್ಟಿದ ಹಣ, ಬೆಳ್ಳಿ, ಬಂಗಾರ ಒಂದು ಚಾಂದ್ರವರ್ಷ ಕೈಯಲ್ಲಿ ಉಳಿದರೆ ಅದರ ನಲವತ್ತರಲ್ಲೊಂದು ಪಾಲು. ಸದಕಾ ಸ್ವಇಚ್ಛೆಯದು, ಗುಟ್ಟಾಗಿ ಕೊಟ್ಟರೆ ಮೇಲು. ವಕ್ಫ್ ಎಂದರೆ ಆಸ್ತಿಯನ್ನು ಮಾರದಂತೆ, ಹಂಚದಂತೆ ನಿಲ್ಲಿಸಿ ಅದರ ಹುಟ್ಟುವಳಿಯನ್ನು ಮಸೀದಿ, ಶಾಲೆ, ಬಾವಿಗಳಿಗೆ ಬಿಡುವುದು. ದೇಗುಲ, ಬಸದಿಗಳ ದತ್ತಿಶಾಸನಗಳನ್ನು ಓದಿದವರಿಗೆ ಇದು ಅಪರಿಚಿತವೆನಿಸದು.

ಗವಾನ್ ಇರಾನಿನ ಗೀಲಾನ್ ಪ್ರಾಂತದವನು. 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರಿಗೆ ಬಂದು ಪ್ರಧಾನಿಯ ಪದವಿಗೇರಿದನು. 1472ರಲ್ಲಿ ಅವನು ಕಟ್ಟಿಸಿದ ಮೂರಂತಸ್ತಿನ ಮದರಸಾದಲ್ಲಿ ಮಸೀದಿ, ಪಾಠದ ಅಂಗಣಗಳು, ಗುರುಶಿಷ್ಯರ ವಸತಿ, ಗ್ರಂಥಾಲಯ ಎಲ್ಲವೂ ಇದ್ದುವು. ಅಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದುವೆಂದು ಪ್ರತೀತಿ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ್ದು ಇಲ್ಲಿ ನೆನಪಾಗದಿರದು. ಆಕೆಯದು ಗ್ರಂಥವನ್ನು ನಾಡಿನುದ್ದಕ್ಕೂ ಚದುರಿಸಿದ ದಾನ. ಇವನದು ಗ್ರಂಥವನ್ನೂ ಓದುವವರನ್ನೂ ಒಂದೆಡೆ ಕೂಡಿಸಿದ ದಾನ. ಕೂಡಿಸಿದ್ದಕ್ಕೆ ಅಪಾಯವೂ ಹೆಚ್ಚು. ಔರಂಗಜೇಬನ ಕಾಲದಲ್ಲಿ, 1696ರಲ್ಲಿ, ಕಟ್ಟಡದಲ್ಲಿದ್ದ ಮದ್ದು ಸಿಡಿದು ಅದರ ಒಂದು ಭಾಗವೇ ಹಾರಿಹೋಯಿತು. ಉಳಿದ ಮಿನಾರಿನ ಮೇಲೆ ನೀಲಿ ಹೆಂಚಿನ ಅಲಂಕಾರವನ್ನು ಇಂದಿಗೂ ಕಾಣಬಹುದು.

1481ರಲ್ಲಿ ವಿರೋಧಿಗಳು ಗವಾನನ ಮುದ್ರೆಯಿದ್ದ ಸುಳ್ಳು ಪತ್ರವೊಂದನ್ನು ಒರಿಸ್ಸಾದ ಅರಸನಿಗೆ ಬರೆದುದೆಂದು ಸೃಷ್ಟಿಸಿದರು. ಮೂರನೆಯ ಮುಹಮ್ಮದ್ ಷಾ ವಿಚಾರಿಸದೆ ವೃದ್ಧ ಮಂತ್ರಿಯನ್ನು ಕೊಲ್ಲಿಸಿದನು. ಆಮೇಲಿನದನ್ನು ಹೇಳುವವನು ಫೆರಿಷ್ತಾ. ಅವನು ವಿಜಯಪುರದ ಆಸ್ಥಾನದಲ್ಲಿ ಕುಳಿತು ಬರೆದುದು ಈ ಘಟನೆಗೆ ಒಂದು ಶತಮಾನಕ್ಕೂ ಮಿಕ್ಕಿದ ಅನಂತರ, ಅದೂ ಗವಾನನ ಮೇಲಣ ಅಭಿಮಾನದಿಂದ. ಹೀಗಾಗಿ ಅವನ ಅಂಕಿಗಳನ್ನು ಅಕ್ಷರಶಃ ನಂಬಬೇಕಿಲ್ಲ. ಆದರೆ ಎರಡು ಲೆಕ್ಕಗಳ ವಿಚಾರವನ್ನು ಕಟ್ಟುಕಥೆಯೆಂದು ತಳ್ಳಲು ನನಗೆ ಮನಸ್ಸಿಲ್ಲ. ಬಂಡವಾಳವನ್ನೂ ಖರ್ಚನ್ನೂ ಬೇರೆಬೇರೆ ಬರೆದಿಡುವುದು ವ್ಯಾಪಾರಿಗೆ ಮೈಗೂಡಿದ ಅಭ್ಯಾಸ.

ಅಪಾರ ಸಂಪತ್ತನ್ನು ನಿರೀಕ್ಷಿಸಿ ಸುಲ್ತಾನನು ಗವಾನನ ಖಜಾಂಚಿಯನ್ನು ಕರೆಸಿದನು. ತನ್ನ ಒಡೆಯನಿಗೆ ಎರಡು ಖಜಾನೆಗಳಿದ್ದುವೆಂದು ಆತ ತಿಳಿಸಿದನು: ಜಹಗೀರಿನ ಆದಾಯದಿಂದ ಸೇನೆಯನ್ನೂ ಕುದುರೆಗಳನ್ನೂ ಸಾಕುವುದು ಅರಸನ ಖಜಾನೆ, ಇನ್ನೊಂದು ಬಡವರ ಖಜಾನೆ, ಅದರಲ್ಲಿ ಉಳಿದಿದ್ದುದು ಮುನ್ನೂರು ಲಾರಿ ನಾಣ್ಯಗಳು. ಗವಾನ್ ಸ್ವದೇಶದಿಂದ ತಂದ ನಲವತ್ತು ಸಾವಿರ ಲಾರಿಗಳನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲಿ ದಿನಕ್ಕೆ ಹನ್ನೆರಡನ್ನು ತನ್ನ ಅಡುಗೆಮನೆಗೆ ಇಟ್ಟುಕೊಂಡು, ಮಿಕ್ಕುದನ್ನು ದಾನ ಮಾಡುತ್ತಿದ್ದನು. ಉಣ್ಣುತ್ತಿದ್ದುದು ಮಣ್ಣಿನ ಪಾತ್ರೆಯಲ್ಲಿ, ಮಲಗುತ್ತಿದ್ದುದು ಚಾಪೆಯ ಮೇಲೆ.

ವಿರೋಧಿಗಳು ಒಪ್ಪಲಿಲ್ಲ, ಬೇರೆಲ್ಲೋ ಹಣ ಬಚ್ಚಿಟ್ಟಿರಬೇಕೆಂದರು. ಹೇಳಿದ್ದಕ್ಕಿಂತ ಹೆಚ್ಚಿನದು ಸಿಕ್ಕರೆ ತನ್ನನ್ನೇ ದಂಡಿಸಿರೆಂದು ಖಜಾಂಚಿ ಉತ್ತರಿಸಿದನು. ಏನೂ ಸಿಗಲಿಲ್ಲ. ಮರುವರ್ಷ ಸುಲ್ತಾನನೂ ತೀರಿಕೊಂಡನು.